ಒಂದೇ ಸ್ವರದವನು

"ಇದ್ರೊಳ್ಗೆ ಮನ್ಷ ಇಲ್ಲೆ ಚಿಕ್ಕಯ್ಯ, ಬರೀ ಕರೆಂಟ್," ಎನ್ನುತ್ತ ಶ್ರೀಲತಾ ಬುತ್ತಿ ಡಬ್ಬಿಯಷ್ಟು ದೊಡ್ಡ ಶ್ರುತಿಪೆಟ್ಟಿಗೆಯನ್ನು ಜಗಲಿಯ ಮೇಲಿಟ್ಟು ಗುಂಡಿ ಒತ್ತಿದಳು. ಕೆಂಪು ದೀಪ ಹತ್ತಿತು. ಷಡ್ಜ ಎದ್ದು ನಿಂತಿತು. ಮತ್ತೆ ಉಸಿರು ತೆಗೆದುಕೊಳ್ಳಲೇ ಇಲ್ಲ.

ಗುಡ್ಡ ಶೇರಿಗಾರ ಅದನ್ನು ಮನೆಗೆ ಬಂದ ಹೊಸ ನೆಂಟನನ್ನು ನೋಡುವ ಹಾಗೆ ನೋಡಿದ. ನಲವತ್ತೊಂದು ವರ್ಷ ಅದೇ ಕೆಲಸ ಮಾಡಿದವನು ಅವನು. ಕೋಟದ ಸುತ್ತಿನ ದೇವಸ್ಥಾನಗಳಲ್ಲಿ ಅಣ್ಣ ತಿಮ್ಮ ಶೇರಿಗಾರ ನಾಗಸ್ವರ ನುಡಿಸುವಾಗ ಹಿಂದೆ ನಿಂತು ಶ್ರುತಿಯ ಕೊಳವೆ ಊದಿದವನು. ಅದಕ್ಕಿರುವುದು ಒಂದೇ ಸ್ವರ. ಕೆನ್ನೆಯಲ್ಲಿ ಗಾಳಿ ತುಂಬಿಟ್ಟುಕೊಂಡು, ಮೂಗಿನಲ್ಲಿ ಉಸಿರೆಳೆಯುತ್ತ, ಅದು ಕಡಿಯದ ಹಾಗೆ ಊದುತ್ತಲೇ ಇರಬೇಕು. ರಾಗವೂ ಹೆಸರೂ ಅಣ್ಣನದು, ಹೊದೆಸಿದ ಶಾಲೂ ಅಣ್ಣನದೇ. ಗುಡ್ಡನಿಗೆ ಅದರ ಬೇಸರವಿರಲಿಲ್ಲ. ಅಷ್ಟು ವರ್ಷದಲ್ಲಿ ಅಣ್ಣ ಒಂದು ಸಲವೂ ಹಿಂದೆ ತಿರುಗಿ ನೋಡಿರಲಿಲ್ಲ. ತಿರುಗಿದ ಎಂದರೆ ಶ್ರುತಿ ಜಾರಿತು ಎಂದೇ ಲೆಕ್ಕ.

ಅಣ್ಣ ಹೋದ ಮೇಲೆ ಅವನ ಮಗಳು ಶ್ರೀಲತಾಳ ಸ್ಯಾಕ್ಸೋಫೋನಿಗೂ ಗುಡ್ಡನದೇ ಶ್ರುತಿ. ಈ ಮಳೆಗಾಲ ಎದುರಿನ ಹಲ್ಲೆರಡು ಬಿದ್ದು ಹೋದವು. ಕೊಳವೆಯ ಪೀಪಿ ತುಟಿಯಲ್ಲಿ ನಿಲ್ಲಲೊಲ್ಲದು, ಗಾಳಿ ಬದಿಯಿಂದ ಸೋರುತ್ತದೆ. ಅಷ್ಟರಲ್ಲೇ ಕುಂದಾಪುರದ ಸಭೆಯವರು ಶ್ರೀಲತಾಳಿಗೆ ಮೊದಲ ಬಾರಿಗೆ ಎರಡು ಗಂಟೆಯ ಪೂರ್ತಿ ಕಛೇರಿ ಕೊಟ್ಟಿದ್ದರು.

"ನೀವ್ ಈ ಸರ್ತಿ ಎದ್ರ್ ಕುರ್ಚಿ ಮೇಲ್ ಕೂಕಂಡ್ ಕೇಣಿ," ಎಂದಳು ಅವಳು, ಮುಖ ನೋಡದೆ.

ಗುಡ್ಡ ಎಂಟು ದಿನ ಅವಳ ಅಭ್ಯಾಸದ ಹೊತ್ತಿಗೆ ಪೆಟ್ಟಿಗೆಯ ಪಕ್ಕ ಕುಳಿತ. ಒಂಬತ್ತನೆಯ ದಿನ ಹೇಳಿದ:

"ಹೆಣ್ಣೇ, ಇದ್ ನಿನ್ನೊಟ್ಟಿಗ್ ಬತ್ತಿಲ್ಲೆ. ನಿಂತಲ್ಲೇ ನಿಂತಿತ್ತ್."

"ನಿಂತಲ್ಲೇ ನಿಲ್ಲುದೇ ಅದ್ರ್ ಕೆಲ್ಸ, ಚಿಕ್ಕಯ್ಯ!"

"ಇಷ್ಟ್ ವರ್ಷ ನಾನೂ ಅದ್ನೇ ಮಾಡಿದ್ದ್ ಅಂದ್ಕಂಡ್ಯಾ?"

ಅವಳು ನಕ್ಕು ಒಳಗೆ ಹೋದಳು. ಗುಡ್ಡ ಪೆಟ್ಟಿಗೆಯನ್ನು ಮಗುಚಿ ಹಾಕಿ, ಹಿಂಬದಿಯಲ್ಲಿ ಕಡಲೆಕಾಳಿನಷ್ಟಿದ್ದ ತಿರುಪನ್ನು ಹೆಬ್ಬೆರಳಿನಿಂದ ಸವರಿದ. ಎಳ್ಳಿನಷ್ಟು ತಿರುಗಿಸಿದರೆ ಸ್ವರ ಎಳ್ಳಿನಷ್ಟು ಏರುತ್ತಿತ್ತು.

ಕುಂದಾಪುರದ ಸಭಾಂಗಣಕ್ಕೆ ಹೊಸದಾಗಿ ಎ.ಸಿ. ಹಾಕಿದ್ದರು. ಭಾಷಣಗಳಿಗೆ ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಸ್ಯಾಕ್ಸೋಫೋನು ವೇದಿಕೆಯ ಮೇಲೆ ತಣ್ಣಗೆ ಮಲಗಿತ್ತು. ಆ ತಣ್ಣನೆಯ ಹಿತ್ತಾಳೆಯ ಸ್ವರವನ್ನೇ ಪೆಟ್ಟಿಗೆಯ ಶ್ರುತಿಗೆ ಕೂಡಿಸಿಕೊಂಡು ಶ್ರೀಲತಾ ವರ್ಣ ಎತ್ತಿಕೊಂಡಳು. ಸುರುವಿಗೆ ಎಲ್ಲ ಸರಿಯಿತ್ತು. ಉಸಿರು ಹೊಕ್ಕು ಹಿತ್ತಾಳೆ ಬಿಸಿಯಾದಂತೆ ಅದರ ಸ್ವರ ಏರತೊಡಗಿತು. ಗುಡ್ಡನಿಗೆ ಇದು ಗೊತ್ತಿದ್ದದ್ದೇ. ಊದುವ ವಾದ್ಯ ಯಾವುದಾದರೂ ಹಾಗೆಯೇ. ಅಣ್ಣನದು ಏರಿದಷ್ಟೂ ಗುಡ್ಡ ತುಟಿ ಬಿಗಿಮಾಡಿ ಹಿಂದೆಯೇ ಹೋಗುತ್ತಿದ್ದ. ಪೆಟ್ಟಿಗೆ ಹೋಗಲಿಲ್ಲ. ಎರಡರ ನಡುವೆ ಕೂದಲೆಳೆಯಷ್ಟು ಸಂದು ಬಿತ್ತು.

ಶ್ರೀಲತಾ ಹಿಂದೆ ತಿರುಗಿ ಪೆಟ್ಟಿಗೆಯನ್ನು ನೋಡಿದಳು.

ಮುಂದಿನ ಕೀರ್ತನೆಯಲ್ಲಿ ಮತ್ತೆರಡು ಸಲ. ಗುಡ್ಡನ ಪಕ್ಕದ ಕುರ್ಚಿಯ ಹಿರಿಯರು ತಾಳ ಹಾಕುತ್ತಿದ್ದ ಕೈಯನ್ನು ತೊಡೆಯ ಮೇಲೆ ಸುಮ್ಮನಿಟ್ಟರು.

ಚಪ್ಪಾಳೆಯ ನಡುವೆ ಗುಡ್ಡ ಎದ್ದ. ಮೆಟ್ಟಿಲ ಬಳಿ ಬ್ಯಾಡ್ಜು ಹಾಕಿಕೊಂಡವನೊಬ್ಬ ಅಡ್ಡ ಬಂದ. "ಅಜ್ಜಯ್ಯ, ಎಲ್ಲಿಗ್ ಹೊರ್ಟ್ರಿ?"

"ನನ್ ಜಾಗಕ್ಕೆ," ಎಂದು ಗುಡ್ಡ ಹತ್ತಿಯೇಬಿಟ್ಟ.

ಶ್ರೀಲತಾಳ ಹಿಂದೆ ಚಕ್ಕಳಮಕ್ಕಳ ಹಾಕಿ ಕುಳಿತು ಪೆಟ್ಟಿಗೆಯನ್ನು ತೊಡೆಗೆ ಎತ್ತಿಕೊಂಡ. ಡೋಲಿನ ಪಾಂಡು ಬಾಗಿ ಪಿಸುಗುಟ್ಟಿದ: "ಹ್ವಾಯ್ ಗುಡ್ಡಣ್ಣ, ಶಿಶುಗೆ ಜ್ವರ ಬಂತಾ?"

"ಜ್ವರ ಬಂದದ್ದ್ ಸ್ಯಾಕ್ಸೋಫೋನಿಗ್ ಮಾರಾಯ. ಶಿಶು ತಣ್ಣಗೇ ಇತ್ತ್. ನೀ ಡೋಲ್ ಕಾಣ್."

ಅಷ್ಟು ಚಳಿಯಲ್ಲೂ ಶ್ರೀಲತಾಳ ಕತ್ತಿನಲ್ಲಿ ಬೆವರಿತ್ತು. "ಚಿಕ್ಕಯ್ಯ..."

"ನೀ ಎದ್ರ್ ಕಾಣ್. ಹಿಂದಿನ್ ಸುದ್ದಿ ನಿಂಗೆ ಬ್ಯಾಡ."

ಅವಳು ಕಲ್ಯಾಣಿ ಎತ್ತಿಕೊಂಡಳು. ಮೊದಲು ಹೆದರಿ ಹೆದರಿ, ಕಾಲಲ್ಲಿ ನೀರಿನ ಆಳ ನೋಡುವವರ ಹಾಗೆ. ಗುಡ್ಡ ಕಣ್ಣು ಮುಚ್ಚಿ ತಿರುಪಿನ ಮೇಲೆ ಹೆಬ್ಬೆರಳಿಟ್ಟ. ಎಳ್ಳಿನಷ್ಟು. ಇನ್ನರ್ಧ ಎಳ್ಳಿನಷ್ಟು. ಸಂದು ಮುಚ್ಚಿತು. ಹಿತ್ತಾಳೆ ಮತ್ತೂ ಬಿಸಿಯಾಯಿತು, ಹೆಬ್ಬೆರಳು ಮತ್ತೂ ಜರುಗಿತು. ಶ್ರೀಲತಾಳ ಭುಜ ಮೆಲ್ಲಗೆ ಇಳಿಯಿತು. ಮುಂದಿನ ಸಾಲಿನ ಹಿರಿಯರು ತಲೆದೂಗಿದರು.

ಮೇಲಿನ ಷಡ್ಜಕ್ಕೆ ಹೋಗಿ ಅವಳು ಅಲ್ಲೇ ನಿಂತಳು, ಬಹಳ ಹೊತ್ತು ನಿಂತಳು. ತಿರುಗಿ ನೋಡಲಿಲ್ಲ. ಅವಳ ಬೆನ್ನ ಹಿಂದೆ ಗುಡ್ಡನ ಎರಡು ಕೆನ್ನೆಗಳು, ಕೊಳವೆ ಬಾಯಲ್ಲೇ ಇದ್ದ ಹಾಗೆ, ತುಂಬುತ್ತಿದ್ದವು, ಇಳಿಯುತ್ತಿದ್ದವು.