ಎಮ್ಮೆಯ ಬುಟ್ಟಿಯ ಗಜ್ಜರಿ

“ದನದ ಮೇವು ನನ್ನ ಮೊಮ್ಮಗಳ ತಾಟಿಗೆ ಹಾಕ್ತೀಯೇನ? ನಾಚಿಕಿ ಬರೂದಿಲ್ಲ ನಿನಗ?”

ಲಗಮವ್ವ ಸೊಸೆಯ ಕೈಯಿಂದ ಕೆಂಪು ಗಜ್ಜರಿ ಗಡ್ಡೆ ಕಿತ್ತುಕೊಂಡು ಎಮ್ಮೆಯ ಬುಟ್ಟಿಗೆ ಎಸೆದಳು.

“ಎಮ್ಮಿ ಕಣ್ಣು ನೋಡ್ರಿ ಅತ್ತಿ, ಹೆಂಗ ಹೊಳ್ಯಾಕತ್ತಾವ,” ಎಂದಳು ತಾರವ್ವ. “ನನ್ನ ಮಗಳಿಗೆ ಹೊತ್ತು ಮುಣುಗಿದ್ರ ಏನೂ ಕಾಣವಲ್ದು. ಎಮ್ಮಿಗೆ ಗಜ್ಜರಿ, ಆಡಿಗೆ ನುಗ್ಗಿ ತಪ್ಪಲ, ಆಕೀಗೆ ಬರೇ ಚಾ-ಟೋಸ್ಟ!”

“ಎಪ್ಪತ್ತೆರಡರ ಬರದಾಗ ಗಜ್ಜರಿ, ತಪ್ಪಲ ತಿಂದು ಜೀವ ಹಿಡದಾಕಿ ನಾನು. ಆ ಗತಿ ಮೊಮ್ಮಕ್ಕಳಿಗೆ ಬರಬಾರದಂತ ಟೋಸ್ಟ ತರಸ್ತೀನಿ. ಅದೂ ತಪ್ಪಾತೇನ?”

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಈಗ ದಿಗ್ಗೇವಾಡಿಯ ಅವರ ಹೊಲಕ್ಕೆ ಹೊಳೆಯ ನೀರು ಬಂದಿತ್ತು. ಚಳಿಗಾಲಕ್ಕೆ ಗಜ್ಜರಿ, ಬೇಸಿಗೆಗೆ ಮಾವು, ಬೇಲಿಗುಂಟ ಪಪ್ಪಾಯಿ, ನುಗ್ಗೆಸೊಪ್ಪು. ಎಲ್ಲವೂ ಪೇಟೆಗೆ, ಉಳಿದದ್ದು ದನಕ್ಕೆ. ಮಗ ಕಾಮಣ್ಣ ಡೇರಿಗೆ ಹಾಲು ಹಾಕಿ ಬರುವಾಗ ಟೋಸ್ಟಿನ ಪುಡಿಕೆ ತರುತ್ತಿದ್ದ. ಲಗಮವ್ವನಿಗೆ ಅದೇ ಹೆಮ್ಮೆ.

“ಮೊನ್ನೆ ನರ್ಸಬಾಯಾರು ಔಷಧ ಕುಡಿಸಿ ಏನ ಹೇಳಿದ್ರು? ಮುಂಜಾನೆ ಚಾ ಬಿಡಸ್ರಿ, ಆಯಾ ಕಾಲದ ಹಣ್ಣು, ತಪ್ಪಲ ತಿನ್ನಸ್ರಿ ಅಂದ್ರು. ಇರುಳಗಣ್ಣಂತ ಇದು.” ತಾರವ್ವನ ದನಿ ಇಳಿಯಿತು. “ಶಿವಗಂಗಿಗೂ ಇದ ಆಗಿತ್ರಿ.”

ಮೂರು ವರ್ಷದಿಂದ ಆ ಹೆಸರನ್ನು ಮನೆಯಲ್ಲಿ ಯಾರೂ ಎತ್ತಿರಲಿಲ್ಲ. ಹಿರಿಯ ಮೊಮ್ಮಗಳು ಶಿವಗಂಗವ್ವ ಒಂದು ಮುಸ್ಸಂಜೆ ಕರುವಿನ ಹಿಂದೆ ಹೋಗಿ ಹಿತ್ತಲ ಬಾವಿಗೆ ಬಿದ್ದಿದ್ದಳು. ಬಾವಿ ಕೂಸನ್ನು ಕರೆಯಿತು ಎಂದು ಊರಿಗೆಲ್ಲ ಹೇಳಿದವಳು ಲಗಮವ್ವ. ಬಾವಿಗೆ ಕಾಯಿ ಒಡೆದವಳೂ ಅವಳೇ. ಆದರೂ ದಿನಾ ದೀಪ ಹಚ್ಚುವ ಹೊತ್ತಿಗೆ ಆ ಹುಡುಗಿಯ ದನಿ ಕಿವಿಗೆ ಬೀಳುತ್ತಿತ್ತು. ಸಾಯುವ ಮುಂಚಿನ ಸಂಜೆಗಳಲ್ಲೆಲ್ಲ ಅವಳು ಒಂದೇ ಪ್ರಶ್ನೆ ಕೇಳಿದ್ದಳು. ಲಗಮವ್ವ ಚೇಷ್ಟೆಯೆಂದು ನಕ್ಕಿದ್ದಳು.

“ಬಾಯಿ ಮುಚ್ಚ! ಆಕೀನ ಬಾವಿ ಕರೀತು.”

“ಬಾವಿ ಕರೀಲಿಲ್ರಿ. ಬಾವಿ ಆಕೀಗೆ ಕಾಣಲಿಲ್ಲ.”

ತಾರವ್ವ ಮೊದಲೇ ಕಟ್ಟಿಟ್ಟಿದ್ದ ಬಟ್ಟೆಯ ಗಂಟು ಎತ್ತಿ, ಕಿರಿಯ ಮಗಳು ಜನಾಬಾಯಿಯ ಕೈ ಹಿಡಿದಳು. ಪಾಲಬಾವಿಯ ತವರಿಗೆ ಸಂಜೆಯ ಬಸ್ಸಿತ್ತು. ಲಗಮವ್ವ ತಡೆಯಲಿಲ್ಲ. ಪಡಸಾಲೆಯಲ್ಲಿ ಕಂದೀಲು ಉರಿಯುತ್ತಿತ್ತು. ಅದರ ಬೆಳಕು ಹುಡುಗಿಯ ಬೆನ್ನ ಮೇಲೇ ಬಿದ್ದಿತ್ತು. ಹುಡುಗಿ ಹೊಸ್ತಿಲನ್ನು ಕಾಲಿನಿಂದ ತಡವಿ ನಿಂತಳು.

“ಅಜ್ಜೀ, ಕಂದೀಲ ಇನ್ನಾ ಹಚ್ಚಿಲ್ಲೇನ?”

ಶಿವಗಂಗಿ ಕೇಳುತ್ತಿದ್ದ ಅದೇ ಮಾತು. ಅದೇ ದನಿ.

ತಾರವ್ವ ಮಗಳನ್ನು ಕರೆದುಕೊಂಡು ಓಣಿಗಿಳಿದಳು. ಲಗಮವ್ವ ಕೊಟ್ಟಿಗೆಗೆ ನುಗ್ಗಿ, ಎಮ್ಮೆಯ ಮೂತಿಯಡಿಯಿಂದ ಬುಟ್ಟಿ ಎಳೆದುಕೊಂಡು ಓಣಿಯಲ್ಲಿ ಓಡಿದಳು. ಬಸ್ಸು ಬಂದು ನಿಂತಿತ್ತು.

“ಮುಂಜಾನೆ ತೊಳದು ಇದನ್ನ ಕೊಡ. ಟೋಸ್ಟ ಬ್ಯಾಡ,” ಎಂದು ಬುಟ್ಟಿಯನ್ನು ಸೊಸೆಯ ಕೈಗೆ ಒತ್ತಿದಳು. ಅವಳಿಗೆ ಏದುಸಿರು ಹತ್ತಿತ್ತು. “ತೀರಿದ್ರ ಹೇಳಿ ಕಳಸ.”

ತಾರವ್ವ ಬುಟ್ಟಿ ಇಸಿದುಕೊಂಡಳು. ಮಗಳ ಪಾದವನ್ನು ಕೈಯಿಂದ ಎತ್ತಿ ಬಸ್ಸಿನ ಮೆಟ್ಟಿಲ ಮೇಲೆ ಇಟ್ಟಳು. ಆಮೇಲೆ ತಾನೂ ಹತ್ತಿದಳು. ಆ ಮನೆಗೆ ಅವಳು ಮತ್ತೆ ಬರಲಿಲ್ಲ.