ಕೌದಿಯೊಳಗಿನ ಎಲುಬು

ನಾನು ಒಂದು ಕಾಲಿನ ಎಲುಬು. ಉದ್ದ ಒಂದು ಮೊಳ. ನನ್ನ ಒಡತಿ ಹಾರಲಾರದ, ಓಡಬಲ್ಲ ಪಕ್ಷಿ. ಇಂದು ಘಟಪ್ರಭೆ ಹರಿಯುವ ಬಯಲಿನಲ್ಲಿ ಅವಳ ಹಿಂಡು ಮೇಯುತ್ತಿತ್ತು. ಒಂದು ದಿನ ಯಾವುದೋ ಮೃಗ ಬೆನ್ನಟ್ಟಿತು. ಓಡುತ್ತ ಹೊಳೆಯ ಕೆಸರಿಗೆ ಇಳಿದವಳು ಮತ್ತೆ ಮೇಲೇಳಲಿಲ್ಲ. ನನ್ನ ಮೇಲೆ ಮರಳು ಬಿತ್ತು, ಆಮೇಲೆ ಗರಸು, ಅದರ ಮೇಲೆ ಎರೆಮಣ್ಣು. ಮಣ್ಣಿನ ಸುಣ್ಣ ನನ್ನೊಳಗೆ ಇಳಿದು ನಾನು ಮೆಲ್ಲಗೆ ಕಲ್ಲಾದೆ.

ಎಷ್ಟೋ ಕಾಲದ ನಂತರ ಮಹಾಪೂರವೊಂದು ದಂಡೆಯನ್ನು ಕೊಯ್ದುಕೊಂಡು ಹೋಯಿತು. ನೀರು ಇಳಿದ ಮೇಲೆ ತನ್ನ ಹೊಲ ಎಷ್ಟು ಉಳಿದಿದೆ ಎಂದು ನೋಡಲು ಬಂದ ಕಾಶವ್ವನ ಕಣ್ಣಿಗೆ ಬಿದ್ದೆ. ಬೇರು ಎಂದುಕೊಂಡು ಎಳೆದಳು. ಮಣ್ಣು ಒರೆಸಿದಾಗ ನನ್ನ ತುದಿಯ ಎರಡು ಗುಂಡನೆಯ ಗಂಟು ಕಂಡವು. ಅವಳು ತನ್ನ ಮೊಣಕಾಲು ಮುಟ್ಟಿ ನೋಡಿಕೊಂಡಳು. ನಾನು ಅವಳ ಕೈಯಿಂದ ಜಾರಿ ಬಿದ್ದೆ.

ಆ ಹೆದರಿಕೆಗೆ ಕಾರಣವಿತ್ತು. ಆರು ವರ್ಷದ ಹಿಂದೆ ಅದೇ ದಂಡೆಯ ಮೇಲೆ ಅವಳ ಗಂಡ ಬಾಳಪ್ಪನಿಗೂ ಮೈದುನ ದುಂಡಪ್ಪನಿಗೂ ಹೊಲದ ಪಾಲಿಗಾಗಿ ಜಗಳವಾಗಿತ್ತು. ಸಂಜೆ ಬಾಳಪ್ಪ ಒಬ್ಬನೇ ಮನೆಗೆ ಬಂದ. ಅಂಗಿ ಹರಿದಿತ್ತು, ಸೊಂಟದವರೆಗೆ ಕೆಸರು. ಆ ಅಂಗಿಯನ್ನು ಒಗೆದವಳು ಕಾಶವ್ವನೇ. ದುಂಡಪ್ಪ ಮತ್ತೆ ಬರಲಿಲ್ಲ. ಪೊಲೀಸರು ಕೇಳಿದಾಗ ಬಾಳಪ್ಪ, "ಗೋವಾಕ್ಕ ಹೋಗಿರಬೇಕ್ರಿ" ಎಂದ. ಕಾಶವ್ವ ಮಾತ್ರ ಒಂದು ದಿನವೂ ಅವನನ್ನು ಏನೂ ಕೇಳಿರಲಿಲ್ಲ.

ಸೆರಗಿನಲ್ಲಿ ಮುಚ್ಚಿ ಮನೆಗೆ ತಂದು, ಹಳೆಯ ಕೌದಿಯಲ್ಲಿ ಸುತ್ತಿ ನನ್ನನ್ನು ಟ್ರಂಕಿನ ತಳಕ್ಕೆ ಇಟ್ಟಳು. ಅಂದಿನಿಂದ ಆ ಮನೆಯ ಸದ್ದೇ ಬದಲಾಯಿತು. ಗಂಡ ಕುಡಗೋಲು ಮಸೆಯಲು ಕುಳಿತರೆ ಅವಳು ಎದ್ದು ಹೊರಗೆ ಹೋಗುತ್ತಿದ್ದಳು.

"ಏನಾಗೇತಿ ನಿನಗ? ಜ್ವರಾ ಬಂದಾವೇನು?" ಎಂದು ಅವನು ಹಣೆ ಮುಟ್ಟಲು ಬಂದರೆ ಹೌಹಾರಿ ಹಿಂದೆ ಸರಿಯುತ್ತಿದ್ದಳು.

ಒಂದು ಮಧ್ಯಾಹ್ನ ಟ್ರಂಕು ತೆರೆದು ನನ್ನನ್ನು ತನ್ನ ತೊಡೆಯ ಪಕ್ಕ ಇಟ್ಟು ಅಳೆದಳು. ಅಳತೆ ಹೆಚ್ಚುಕಡಿಮೆ ಸರಿಹೋಯಿತು. "ದುಂಡಪ್ಪಾ, ನೀ ಏನೋ?" ಎಂದು ಪಿಸುಗುಟ್ಟಿದಳು. ಅಲ್ಲವ್ವಾ, ನಾನು ಹಕ್ಕಿಯ ಕಾಲು ಎಂದು ಕೂಗಬೇಕೆನಿಸಿತು. ಎಲುಬಿಗೆ ಬಾಯಿ ಎಲ್ಲಿಯದು?

ಒಂಬತ್ತನೆಯ ದಿನ ಬಾಳಪ್ಪ ಉಣ್ಣುತ್ತ, "ದಂಡಿ ಕುಸದೈತಿ. ನಾಳೆ ನಾಕ ಟ್ರ್ಯಾಕ್ಟರ್ ಮಣ್ಣ ಹಾಕಿ ಮುಚ್ಚಿ ಬಿಡ್ತೀನಿ" ಎಂದ. ಕಾಶವ್ವನ ಕೈಯಲ್ಲಿದ್ದ ರೊಟ್ಟಿ ಕೆಳಗೆ ಬಿತ್ತು. ಅವನು ಎದ್ದು ಹೋದದ್ದೇ ತಡ, ನನ್ನನ್ನು ಚೀಲಕ್ಕೆ ಹಾಕಿಕೊಂಡು ದನದ ದವಾಖಾನೆಗೆ ನಡೆದಳು. ಅಲ್ಲಿನ ನದಾಫ ಡಾಕ್ಟರು ಅವಳ ಎಮ್ಮೆಗೆ ಹೆರಿಗೆ ಮಾಡಿಸಿದವರು.

"ಇದು ಎಮ್ಮೀದೇನ್ರಿ ಸಾಹೇಬ್ರ?"

ಡಾಕ್ಟರು ನನ್ನನ್ನು ತೂಗಿ ನೋಡಿದರು, ಉಗುರಿನಿಂದ ಬಡಿದರು. "ಎಮ್ಮೀದಲ್ಲವ್ವಾ."

"ಕುದರೀದು?"

"ಅದೂ ಅಲ್ಲ."

ಕಾಶವ್ವ ಬಾಗಿಲತ್ತ ನೋಡಿ ದನಿ ತಗ್ಗಿಸಿದಳು. "ಹಂಗಾರ... ಮನಷ್ಯಾಂದ?"

ಡಾಕ್ಟರು ಕಪಾಟು ತೆರೆದು ಕೋಳಿಯ ಕಾಲೆಲುಬೊಂದನ್ನು ತಂದು ನನ್ನ ಪಕ್ಕ ಇಟ್ಟರು.

"ಇಲ್ಲಿ ನೋಡವ್ವಾ. ಕೋಳಿ ಎಲಬಿನ ತುದಿಗೆ ಮೂರು ಗಂಟು, ಮುಂದಿನ ಮೂರು ಬೆರಳಿಗೆ. ಇದಕ್ಕ ಎರಡ. ಮಂದಿ ಎಲಬು ಹಿಂಗ ಇರೂದಿಲ್ಲ. ಇದು ಹಕ್ಕಿ ಕಾಲು, ಪೂರಾ ಕಲ್ಲಾಗೇತಿ. ಆದ್ರ ಇಷ್ಟ ದೊಡ್ಡ ಹಕ್ಕಿ ನಾ ಎಲ್ಲೂ ಕಂಡಿಲ್ಲ."

ಅವರು ನನ್ನ ಫೋಟೊ ತೆಗೆದು ಧಾರವಾಡದ ಪರಿಚಯದ ಪ್ರಾಧ್ಯಾಪಕಿಗೆ ಕಳಿಸಿದರು. ತಾಸಿನೊಳಗೆ ಉತ್ತರ ಬಂತು. ಉಷ್ಟ್ರಪಕ್ಷಿ, ಅದಕ್ಕೆ ಎರಡೇ ಬೆರಳು, ಸಾವಿರಾರು ವರ್ಷಗಳ ಹಿಂದೆ ನಮ್ಮ ನೆಲದಲ್ಲೂ ಇತ್ತು, ತೊಳೆಯಬೇಡಿ, ನಾಳೆಯೇ ಬರುತ್ತೇನೆ. ಕಾಶವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಮನೆಗೆ ಬಂದು ನನ್ನನ್ನು ಕಟ್ಟೆಯ ಮೇಲೆ ಗಂಡನ ಮುಂದೆ ಇಟ್ಟಳು. ಹಕ್ಕಿಯ ಸುದ್ದಿ ಕೇಳಿ ಬಾಳಪ್ಪ ನಕ್ಕ, ನನ್ನ ಮೈ ಸವರಿದ. ಆಮೇಲೆ ಅವನ ಕೈ ನಿಂತಿತು.

"ಎಂದ ಸಿಕ್ತಿದು?"

"ಒಂಬತ್ತು ದಿನಾ ಆತು."

"ಮುಚ್ಚಿ ಯಾಕ ಇಟ್ಟಿ?"

ಅವಳು ನನ್ನನ್ನು ತನ್ನ ತೊಡೆಯ ಪಕ್ಕ ಇಟ್ಟು ತೋರಿಸಿದಳು. ಅವನಿಗೆ ತಿಳಿಯಿತು.

"ಊರ ಮಂದಿ ಅಂದ್ರು, ಅನ್ಲಿ ಅಂತ ಬಿಟ್ಟೆ. ನೀನೂ?" ಗೋಡೆಗೆ ಒರಗಿಸಿದ್ದ ಸಲಿಕೆಯನ್ನು ಎತ್ತಿಕೊಂಡ. "ನಡಿ, ಇಡೀ ದಂಡಿ ಅಗದು ತೋರಸ್ತೀನಿ. ಅಂವಾ ನನ್ನ ಕೈ ಕೊಡವಿ ಹೊಳಿ ದಾಟಿ ಹೋದ. ಸೊಂಟದ ಮಟಾ ನೀರಾಗ ಇಳದು ಕರದೆ. ತಿರುಗಿ ನೋಡಲಿಲ್ಲ."

ಕಾಶವ್ವ ಸಲಿಕೆಯ ಹಿಡಿಯನ್ನು ಗಟ್ಟಿಯಾಗಿ ಹಿಡಿದಳು, ಬಿಡಲಿಲ್ಲ. "ಬ್ಯಾಡ. ಒಳಗ ಬಾ."

ನಂಬಿದಳೋ, ನಂಬಲೇಬೇಕೆಂದು ಮನಸ್ಸು ಮಾಡಿದಳೋ, ನನಗೆ ಗೊತ್ತಾಗಲಿಲ್ಲ. ನಾನು ಯಾರೆಂದು ಗೊತ್ತಾಗಿತ್ತು. ದುಂಡಪ್ಪ ಎಲ್ಲಿದ್ದಾನೆ ಎಂಬುದು ಗೊತ್ತಾಗಿರಲಿಲ್ಲ.

ಮರುದಿನ ಬಂದ ಪ್ರಾಧ್ಯಾಪಕಿ ಚೀಟಿಯೊಂದನ್ನು ತೆಗೆದು, "ಸಿಕ್ಕ ದಿನ ಯಾವುದಮ್ಮ?" ಎಂದು ಕೇಳಿದರು. ಕಾಶವ್ವ ಗಂಡನತ್ತ ನೋಡಿದಳು.

ಬಾಳಪ್ಪ ಮುಂದೆ ಬಂದ. "ನಿನ್ನೆ ಸಿಕ್ತ್ರಿ ಮೇಡಂ. ಸಿಕ್ಕ ಕೂಡ್ಲೆ ನನಗ ತಂದು ತೋರಿಸಿದ್ಲು."

ಈಗ ನಾನು ಧಾರವಾಡದ ಕಾಲೇಜಿನ ಗಾಜಿನ ಪೆಟ್ಟಿಗೆಯಲ್ಲಿ ಹತ್ತಿಯ ಮೇಲೆ ಮಲಗಿದ್ದೇನೆ. ಇಲ್ಲಿ ಯಾರೂ ನನ್ನನ್ನು ನೋಡಿ ಹೆದರುವುದಿಲ್ಲ. ಪಕ್ಕದ ಚೀಟಿಯಲ್ಲಿ ನನ್ನ ಜಾತಿ, ಊರು, ಕಾಶವ್ವನ ಹೆಸರು ಎಲ್ಲ ಸರಿಯಾಗಿವೆ. ತಾರೀಖೊಂದು ತಪ್ಪು, ಟ್ರಂಕಿನೊಳಗಿನ ಒಂಬತ್ತು ದಿನ ಅದರಲ್ಲಿಲ್ಲ. ಅದನ್ನು ಯಾರೂ ತಿದ್ದುವುದು ಬೇಡ.