ಫರ್ಹಾನಾ ನೋವನ್ನು ಯಾಕೆ ಹೇಳಲಿಲ್ಲ?

ಜ್ವರದ ದಿನಗಳು ಬಂದವೆಂದರೆ ರಾಣೆಬೆನ್ನೂರಿನ ಆ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಒಂದೊಂದು ಮಂಚದ ಮೇಲೆ ಇಬ್ಬಿಬ್ಬರು ಮಕ್ಕಳು. ಮಂಚದ ಕೆಳಗೆ ಬುತ್ತಿ ಗಂಟು, ನೀರಿನ ಬಾಟಲಿ. ನಡುವಿನ ದಾರಿಯಲ್ಲಿ ಚಾಪೆ ಹಾಸಿಕೊಂಡ ತಾಯಂದಿರು. ಬೆಳಗಿನ ಪಾಳಿಯಲ್ಲಿ ಇವರೆಲ್ಲರಿಗೂ ದ್ರಾಕ್ಷಾಯಿಣಿ ಒಬ್ಬಳೇ ನರ್ಸು.

ಬ್ಯಾಡಗಿಯಿಂದ ಬೆಳಿಗ್ಗೆ ಬಸ್ಸಿನಲ್ಲಿ ನಿಂತು ಬರುತ್ತಿದ್ದಳು. ವಾರ್ಡಿನಲ್ಲೂ ನಿಂತೇ ಇರುತ್ತಿದ್ದಳು. ಮನೆಗೆ ಹೋದ ಮೇಲೆ ಕಟ್ಟೆಯ ಮೇಲೆ ಕುಳಿತರೆ ಎದ್ದು ಒಳಗೆ ಹೋಗುವಷ್ಟೂ ತ್ರಾಣ ಉಳಿದಿರುತ್ತಿರಲಿಲ್ಲ. ಅವಳು ಕೆಟ್ಟವಳಲ್ಲ. ಎಳೆ ಮಕ್ಕಳ ನರ ಹುಡುಕಿ ಸಲೈನ್ ಹಚ್ಚುವುದರಲ್ಲಿ ಅವಳದು ಎತ್ತಿದ ಕೈ. ಆದರೆ ಕೆಲಸ ಲಗೂ ಮುಗಿಯಬೇಕು. ಅದಕ್ಕೆ ಅವಳಿಗೆ ಗೊತ್ತಿದ್ದ ದಾರಿ ಒಂದೇ. ತಾಯಿಯನ್ನು ಹೊರಗೆ ಕಳಿಸುವುದು, ಮಗುವಿನ ಕೈಕಾಲು ಒತ್ತಿ ಹಿಡಿಸುವುದು, ಅತ್ತರೆ ದೊಡ್ಡ ಸೂಜಿ ತರುತ್ತೇನೆಂದು ಗದರಿಸುವುದು. ಮಗು ಹೆದರಿ ಸುಮ್ಮನಾಗುತ್ತಿತ್ತು. ಅವಳಿಗೆ ಕೆಲಸ ಕಲಿಸಿದ ಹಿರಿಯ ನರ್ಸುಗಳೂ ಹಾಗೆಯೇ ಮಾಡುತ್ತಿದ್ದರು. ಇದು ತಪ್ಪೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಹೇಳಿದವಳು ಮಧ್ಯಾಹ್ನದ ಪಾಳಿಯ ಶೈಲಶ್ರೀ. ಅವಳು ಆಗಷ್ಟೇ ಹಾವೇರಿಗೆ ಹೋಗಿ ಮಕ್ಕಳ ಹಕ್ಕುಗಳ ತರಬೇತಿ ಮುಗಿಸಿಕೊಂಡು ಬಂದಿದ್ದಳು. ಆಸ್ಪತ್ರೆಗೆ ಬಂದ ಮಗುವಿಗೂ ಹಕ್ಕು ಇದೆ, ತನಗೆ ಏನು ಮಾಡುತ್ತಾರೆಂದು ತಿಳಿಯುವ ಹಕ್ಕು, ತಾಯಿಯೋ ಅಜ್ಜಿಯೋ ಹತ್ತಿರ ಇರುವ ಹಕ್ಕು, ನೋವನ್ನು ಹೇಳಿಕೊಳ್ಳುವ ಹಕ್ಕು ಇದೆ ಎಂದು ಚಹಾ ಕುಡಿಯುತ್ತಾ ವಿವರಿಸಿದಳು. ದ್ರಾಕ್ಷಾಯಿಣಿ ಕಾಲು ಒತ್ತಿಕೊಳ್ಳುತ್ತಾ ಕೇಳಿದಳು.

"ಭಾಷಣ ಮಾಡಿದವರು ಒಂದ ದಿನ ನಮ್ಮ ವಾರ್ಡಿನ್ಯಾಗ ನಿಂತ ನೋಡ್ಲಿ, ಶೈಲಾ," ಎಂದಳು. "ಆಮ್ಯಾಲೆ ಹಕ್ಕಿನ ಮಾತು ಆಡ್ಲಿ."

ಶೈಲಶ್ರೀ ವಾದ ಮಾಡಲಿಲ್ಲ. ತಾನೂ ದಣಿಯುತ್ತೇನೆ, ತನ್ನ ಬಾಯಲ್ಲೂ ಅದೇ ಗದರಿಕೆ ಬರುತ್ತದೆ ಎಂದಷ್ಟೇ ಹೇಳಿ ಎದ್ದುಹೋದಳು.

ಆ ವಾರವೇ ಒಂದು ಬೆಳಿಗ್ಗೆ ಹಲಗೇರಿಯಿಂದ ಮೈಮುನಾಬಿ ಎಂಬ ಮುದುಕಿ ತನ್ನ ಮೊಮ್ಮಗಳು ಫರ್ಹಾನಾಳನ್ನು ಕರೆತಂದಳು. ಹುಡುಗಿ ಮೂರನೆಯ ಕ್ಲಾಸು. ತಂದೆ ಖಲಂದರನಿಗೆ ಬ್ಯಾಡಗಿಯಲ್ಲಿ ಸೈಕಲ್ ರಿಪೇರಿ ಅಂಗಡಿ. ತಾಯಿ ಬಾಣಂತನಕ್ಕೆ ಹಲಗೇರಿಯ ತವರಿಗೆ ಬಂದಿದ್ದಳು. ಅವಳ ಜೊತೆ ಬಂದ ಫರ್ಹಾನಾ ಮಾವನ ದೊಡ್ಡ ಸೈಕಲ್ ಏರಿ ಬಿದ್ದಿದ್ದಳು. ಮೊಣಕೈಯ ಮೇಲೆ ಎಲುಬು ಮುರಿದಿತ್ತು.

ಡಾಕ್ಟರು ಎಲುಬು ಕೂಡಿಸಿ ಪ್ಲಾಸ್ಟರ್ ಹಾಕಬೇಕಿತ್ತು. ಅದಕ್ಕೂ ಮೊದಲು ಇಂಜೆಕ್ಷನ್. ದ್ರಾಕ್ಷಾಯಿಣಿ ಮೈಮುನಾಬಿಯನ್ನು ಹೊರಗೆ ಕಳಿಸಿ ಬಾಗಿಲು ಹಾಕಿದಳು. ತನಗೇನು ಮಾಡುತ್ತೀರಿ ಎಂದು ಹುಡುಗಿ ಕೇಳಿದಳು. ಏನೂ ಇಲ್ಲ, ಸುಮ್ಮನೆ ನೋಡುತ್ತೇನೆ ಎಂದಳು ದ್ರಾಕ್ಷಾಯಿಣಿ. ಹಾಗೆನ್ನುತ್ತಲೇ ಸೂಜಿ ಚುಚ್ಚಿದಳು. ಫರ್ಹಾನಾ ಕಿರುಚಿದಳು. ಸುಳ್ಳು ಹೇಳಿದಿರಿ, ನಾನಿ ಬೇಕು ಎಂದು ಅಜ್ಜಿಗಾಗಿ ಒದರಿದಳು. ಹೊರಗೆ ಇನ್ನೂ ಎಷ್ಟೋ ಮಕ್ಕಳು ಕಾಯುತ್ತಿದ್ದರು. ದ್ರಾಕ್ಷಾಯಿಣಿಗೆ ತಲೆ ಸಿಡಿಯುತ್ತಿತ್ತು.

"ಇನ್ನೊಮ್ಮೆ ದನಿ ತಗದಿ ಅಂದ್ರ ದೊಡ್ಡ ಸೂಜಿ ಚುಚ್ಚತೇನಿ," ಎಂದಳು. "ನಿಮ್ಮ ನಾನಿನ್ನ ಒಳಗ ಬಿಡಂಗಿಲ್ಲ."

ಹುಡುಗಿ ಬಾಯಿ ಮುಚ್ಚಿದಳು. ಆಮೇಲೆ ಅವಳ ದನಿಯೇ ಕೇಳಲಿಲ್ಲ.

ಪ್ಲಾಸ್ಟರ್ ಆಯಿತು. ಬೆರಳುಗಳ ಮೇಲೆ ಕಣ್ಣಿಡಿ ಎಂದು ಹೇಳಿ ಡಾಕ್ಟರು ಬೇರೆ ರೋಗಿಗಳ ಕಡೆ ಹೋದರು. ದ್ರಾಕ್ಷಾಯಿಣಿ ಆ ಮಂಚದ ಹತ್ತಿರ ಹೋಗದೆ ಇರಲಿಲ್ಲ. ಹೋದಾಗಲೆಲ್ಲ ಹೇಗಿದ್ದಾಳೆಂದು ಅಜ್ಜಿಯನ್ನು ಕೇಳಿದಳು. ಗಪ್ಪನೆ ಮಲಗಿದ್ದಾಳೆ, ಅಳುತ್ತಲೂ ಇಲ್ಲ ಎಂದಳು ಮೈಮುನಾಬಿ. ಚಾದರದ ಕೆಳಗೆ ಕೈ ಇತ್ತು. ಚಾದರ ಸರಿಸಿ ನೋಡುವಷ್ಟರಲ್ಲಿ ಇನ್ನೊಂದು ಮಗುವಿನ ಸಲೈನ್ ನಿಂತಿತು ಎಂದು ಯಾರೋ ಕೂಗುತ್ತಿದ್ದರು. ಅಳದ ಮಗು ಆರಾಮ ಇದೆ ಎಂದು ಅವಳು ತಿಳಿದಳು.

ಮಧ್ಯಾಹ್ನ ಶೈಲಶ್ರೀ ಪಾಳಿಗೆ ಬಂದಳು. ಇಬ್ಬರೂ ಒಂದೊಂದೇ ಮಂಚ ನೋಡುತ್ತಾ ಬಂದರು. ಫರ್ಹಾನಾಳ ಹತ್ತಿರ ಬಂದಾಗ ಶೈಲಶ್ರೀ ಕುಕ್ಕರಗಾಲಿನಲ್ಲಿ ಕುಳಿತು ತನ್ನ ಹೆಸರು ಹೇಳಿದಳು. ಬೆರಳು ನೋಡಲೇ ಎಂದು ಕೇಳಿ ಚಾದರ ಸರಿಸಿದಳು. ಬೆರಳುಗಳು ಬಾತುಕೊಂಡಿದ್ದವು. ಮುಟ್ಟಿದರೆ ತಣ್ಣಗೆ.

"ನೋವು ಐತೇನವಾ?"

"ಇಲ್ರಿ," ಎಂದಳು ಹುಡುಗಿ. ಹೇಳುವಾಗ ಅವಳ ಕಣ್ಣು ದ್ರಾಕ್ಷಾಯಿಣಿಯ ಮುಖದ ಮೇಲಿತ್ತು.

"ಇಲ್ಲ ಅಂತಿ, ಕಣ್ಣಾಗ ನೀರು ಬರಾಕತ್ತಾವಲ್ಲ. ಖರೇ ಹೇಳಿದ್ರ ಯಾರೂ ಸಿಟ್ಟಾಗಂಗಿಲ್ಲ."

ಫರ್ಹಾನಾ ತಲೆಯನ್ನು ಅವಳ ಕಡೆ ವಾಲಿಸಿದಳು. ಆಮೇಲೆ ಶೈಲಶ್ರೀಯ ಕಿವಿಗಷ್ಟೇ ಕೇಳಲಿ ಎಂಬಂತೆ ಹೇಳಿದಳು. ಆದರೆ ದ್ರಾಕ್ಷಾಯಿಣಿಗೂ ಕೇಳಿಸಿತು.

"ಹೇಳಿದ್ರ ಆ ಸಿಸ್ಟರ್ ದೊಡ್ಡ ಸೂಜಿ ಚುಚ್ಚತಾರ. ನಾನಿನ್ನ ಹೊರಗ ಹಾಕ್ತಾರ."

ದ್ರಾಕ್ಷಾಯಿಣಿ ಡಾಕ್ಟರನ್ನು ಕರೆಯಲು ಓಡಿದಳು. ಬೆಳಿಗ್ಗೆಯಿಂದ ನಿಂತು ಮರಗಟ್ಟಿದ ಕಾಲು ಹೇಗೆ ಓಡಿದವೋ ಅವಳಿಗೇ ತಿಳಿಯಲಿಲ್ಲ. ಡಾಕ್ಟರು ಬಂದು ಬೆರಳೊಂದನ್ನು ಮೆಲ್ಲಗೆ ನೆಟ್ಟಗೆ ಮಾಡಿದರು. ಹುಡುಗಿ ನೋವಿಗೆ ತುಟಿ ಕಚ್ಚಿಕೊಂಡಳೇ ಹೊರತು ದನಿ ತೆಗೆಯಲಿಲ್ಲ. ಒಳಗೆ ಬಾವು ಏರಿ ಪ್ಲಾಸ್ಟರ್ ಬಿಗಿಯಾಗಿದೆ, ಕೈಗೆ ರಕ್ತ ಸರಿಯಾಗಿ ಹರಿಯುತ್ತಿಲ್ಲ, ಈಗಲೇ ಕತ್ತರಿಸಬೇಕು, ತಡವಾದರೆ ಕೈ ಉಪಯೋಗಕ್ಕೆ ಬಾರದಂತಾಗುತ್ತದೆ ಎಂದರು.

ಪ್ಲಾಸ್ಟರ್ ಕತ್ತರಿಸುವ ಮಷೀನು ತರುವಷ್ಟರಲ್ಲಿ ದ್ರಾಕ್ಷಾಯಿಣಿ ಮಂಚದ ಪಕ್ಕದಲ್ಲಿ ನೆಲಕ್ಕೆ ಕುಳಿತಳು. ಅಷ್ಟು ಹತ್ತಿರದಿಂದ ಆ ಹುಡುಗಿಯ ಮುಖವನ್ನು ಅವಳು ನೋಡಿದ್ದು ಆಗಲೇ.

"ಫರ್ಹಾನಾ, ಮುಂಜಾನೆ ನಾ ನಿನಗ ಸುಳ್ಳ ಹೇಳಿದೆ. ತಪ್ಪಾತು. ಈಗ ಖರೇ ಹೇಳ್ತೇನಿ ಕೇಳು. ಈ ಪ್ಲಾಸ್ಟರ್ ಕತ್ತರಸ್ತೇವಿ. ಮಷೀನು ಭಾಳ ಸಪ್ಪಳ ಮಾಡ್ತದ, ಆದ್ರ ಚರ್ಮ ಕೊಯ್ಯಂಗಿಲ್ಲ. ಕೈ ಅಲಗಾಡಿದಾಗ ನೋವಾಗ್ತದ. ನೋವಾದ್ರ ಅಳು. ಎಷ್ಟ ಜೋರಾಗಿ ಬೇಕಾದ್ರೂ ಅಳು."

"ನಾನಿ?"

"ನಿನ್ನ ಮಗ್ಗಲಾಗ ಇರ್ತಾರ. ಯಾರೂ ಕಳಸಂಗಿಲ್ಲ."

ಮೈಮುನಾಬಿ ಮಂಚದ ಮೇಲೆ ಕುಳಿತು ಮೊಮ್ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಫರ್ಹಾನಾ ಅತ್ತಳು. ವಾರ್ಡಿನ ಆ ತುದಿಯವರೆಗೂ ಕೇಳುವಂತೆ ಅತ್ತಳು. ದ್ರಾಕ್ಷಾಯಿಣಿ ಸುಮ್ಮನಿರೆನ್ನಲಿಲ್ಲ. ಅತ್ತರೂ ಹುಡುಗಿ ಕೈಯನ್ನು ಮಾತ್ರ ಅಲುಗಿಸದೆ ಇಟ್ಟುಕೊಂಡಿದ್ದಳು. ಹಿಡಿದುಕೊಳ್ಳಲು ಯಾರೂ ಬೇಕಾಗಲಿಲ್ಲ.

ಆಮೇಲೆ ಕಾಯುವುದಷ್ಟೇ ಉಳಿಯಿತು. ದ್ರಾಕ್ಷಾಯಿಣಿಯ ಪಾಳಿ ಮುಗಿದಿತ್ತು, ಆದರೆ ಅವಳು ಸ್ಟೂಲಿನ ಮೇಲೆ ಕುಳಿತೇ ಇದ್ದಳು. ಮತ್ತೆ ಮತ್ತೆ ಬೆರಳು ಮುಟ್ಟಿ ನೋಡುವಳು. ಹೊತ್ತು ಇಳಿಯುವ ವೇಳೆಗೆ ಬೆರಳು ಬೆಚ್ಚಗಾದವು. ಉಗುರಿಗೆ ಬಣ್ಣ ಬಂತು. ಹೆಬ್ಬೆರಳು ಆಡಿಸು ಎಂದಾಗ ಅದು ಒಂದಿಷ್ಟು ಅಲುಗಿತು. ಕೈ ಉಳಿಯಿತು ಎಂದರು ಡಾಕ್ಟರು.

ಖಲಂದರ ಅಂಗಡಿ ಮುಚ್ಚಿ ಬಂದಾಗ ಕತ್ತಲಾಗುತ್ತಿತ್ತು. ಅತ್ತೆ ನಡೆದದ್ದನ್ನು ಹೇಳಿದಳು. ಅವನಿಗೆ ಗಾಬರಿ, ಸಿಟ್ಟು ಎರಡೂ ಆಗಿ, ನೋವಿದ್ದರೆ ಹೇಳಬಾರದಿತ್ತೇ ಎಂದು ಮಗಳ ಮೇಲೆಯೇ ಏರಿಹೋದ.

"ಆಕಿಗೆ ಬೈಬ್ಯಾಡ್ರಿ," ಎಂದಳು ದ್ರಾಕ್ಷಾಯಿಣಿ. "ಆಕಿ ಬಾಯಿ ಮುಚ್ಚಿಸಿದಾಕಿ ನಾನು."

ಬೆಳಿಗ್ಗೆ ಆಡಿದ ಮಾತನ್ನೆಲ್ಲ ಅವಳೇ ಹೇಳಿದಳು. ಅವನು ಬೈಯುತ್ತಾನೆಂದು ಕಾದಳು. ಖಲಂದರ ಗೋಡೆಗೆ ಒರಗಿ ನಿಂತ. ಅವನೂ ದಿನವಿಡೀ ದುಡಿದು ಬಂದವನು.

"ಸಣ್ಣ ಹುಡುಗರಿಗೆ ಏನ್ ತಿಳಿತದ್ರಿ ಸಿಸ್ಟರ್ರ?" ಎಂದ ಕೊನೆಗೆ. "ಎಲ್ಲಾ ಅವಕ್ಕ ಹೇಳಿ, ಕೇಳಿ ಮಾಡ್ಕೋತ ಕುಂತ್ರ ನಿಮ್ಮ ಕೆಲಸ ಸಾಗತದೇನು?"

"ನಾನೂ ಇವತ್ತಿನ ತನಕ ಹಂಗ ಅಂತಿದ್ದೆ. ಆಕಿ ಕೈಯಾಗ ಏನ್ ಆಗಾಕತ್ತೈತಿ ಅನ್ನೂದು ಡಾಕ್ಟರಿಗೆ ಗೊತ್ತಿರಲಿಲ್ಲ, ನನಗ ಗೊತ್ತಿರಲಿಲ್ಲ, ನಿಮ್ಮ ಅತ್ತಿಯವರಿಗೂ ಗೊತ್ತಿರಲಿಲ್ಲ. ಆಕಿಗೊಬ್ಬಾಕಿಗೇ ಗೊತ್ತಿತ್ತು. ಆಕಿನ್ನ ನಾವು ಕೇಳಲಿಲ್ಲ."

ತಾನೂ ಮನೆಯಲ್ಲಿ ಊಟ ಮಾಡದಿದ್ದರೆ ಸೂಜಿ ಚುಚ್ಚಿಸುತ್ತೇನೆ ಎಂದು ಹುಡುಗಿಯನ್ನು ಹೆದರಿಸುತ್ತಿದ್ದೆ ಎಂದಳು ಮೈಮುನಾಬಿ. ಖಲಂದರ ಮಗಳ ಕಾಲ ಬಳಿ ಕುಳಿತ. ಯಾವ ಬೆರಳು ಹೆಚ್ಚು ನೋಯುತ್ತದೆ ಎಂದು ಕೇಳಿದ. ಅವಳು ತೋರಿಸಿದಳು. ಹೊಸ ಪ್ಲಾಸ್ಟರ್ ಯಾವಾಗ, ಆಗ ನೋವಾಗುತ್ತದೆಯೇ ಎಂದು ಅವಳು ಕೇಳಿದಳು. ತನಗೆ ತಿಳಿಯದು, ಇಬ್ಬರೂ ಡಾಕ್ಟರನ್ನು ಕೇಳೋಣ ಎಂದ. ಮರುದಿನ ಕೇಳಿದ ಕೂಡ.

ವಾರ್ಡಿನಲ್ಲಿ ಮಕ್ಕಳು ಕಡಿಮೆಯಾಗಿಲ್ಲ, ಇನ್ನೊಬ್ಬ ನರ್ಸೂ ಬಂದಿಲ್ಲ. ದ್ರಾಕ್ಷಾಯಿಣಿ ಈಗಲೂ ದಣಿಯುತ್ತಾಳೆ. ಒಮ್ಮೊಮ್ಮೆ ದನಿ ಏರುತ್ತದೆ. ಆಗ ಹಿಂದಿರುಗಿ ಹೋಗಿ ಆ ಮಗುವಿಗೆ ತಪ್ಪಾಯಿತು ಎನ್ನುತ್ತಾಳೆ. ಸೂಜಿಗೆ ಮೊದಲು ಚುರ್ ಎನ್ನುತ್ತದೆ ಎಂದು ಹೇಳುತ್ತಾಳೆ. ತಾಯಿಯನ್ನು ಹತ್ತಿರ ಕೂರಿಸುತ್ತಾಳೆ. ಬಟ್ಟೆ ಬಿಚ್ಚಬೇಕಾದರೆ ಪರದೆ ಎಳೆಯುತ್ತಾಳೆ. ಬಹಳಷ್ಟು ಮಕ್ಕಳು ಇನ್ನೂ ಅಳುತ್ತಾರೆ. ಅತ್ತ ಮಗುವಿಗೆ ಎಲ್ಲಿ ನೋವಾಗುತ್ತದೆ ಎಂದು ಕೇಳಲು ಹೆಚ್ಚು ಹೊತ್ತು ಹಿಡಿಯುವುದಿಲ್ಲ ಎಂಬುದು ಅವಳಿಗೆ ತಿಳಿದಿದೆ.

ತಂದೆ ತಾಯಂದಿರೇ, ಸಿಸ್ಟರ್ ಸೂಜಿ ಚುಚ್ಚುತ್ತಾರೆ ಎಂದು ಮಕ್ಕಳನ್ನು ಹೆದರಿಸಬೇಡಿ. ಆಸ್ಪತ್ರೆಯಲ್ಲಿ ಮಗುವಿನ ಹತ್ತಿರ ಇರುತ್ತೇವೆ ಎಂದು ಧೈರ್ಯವಾಗಿ ಕೇಳಿ. ನಮ್ಮ ನರ್ಸ್ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಕಾಲು ಎಷ್ಟು ನೋಯುತ್ತವೆಂದು ನಮಗೆ ಗೊತ್ತು. ಆದರೂ ಮಗುವಿನ ಹೆಸರು ಹಿಡಿದು ಕರೆಯಿರಿ, ಏನು ಮಾಡುತ್ತೀರೆಂದು ನಿಜ ಹೇಳಿ, ಅದು ಹೇಳುವುದನ್ನು ಕೇಳಿ. ಸುಮ್ಮನೆ ಮಲಗಿರುವ ಮಗು ಇವತ್ತು ನಿಮ್ಮ ವಾರ್ಡಿನಲ್ಲೂ ಇರಬಹುದು. ಒಮ್ಮೆ ಅದರ ಹತ್ತಿರ ಹೋಗಿ ಕುಳಿತು ಮಾತಾಡಿಸಿ.